ಗ್ರಾಮ ಪಂಚಾಯಿತಿಯಲ್ಲಿ ನಿಯಮ ಮೀರಿದರೆ ಎಲ್ಲಿಗೆ, ಹೇಗೆ ದೂರು ಕೊಡಬೇಕು?

‘ನಮ್ಮೂರ ಮೆಂಬರು ತಮ್ಮನ ಹೆಸರಲ್ಲಿ ಚರಂಡಿ ಕೆಲಸ ಮಾಡಿಸ್ತಿದ್ದಾರೆ, ಇದಕ್ಕೆ ಕಾನೂನಲ್ಲಿ ಅವಕಾಶ ಇದೆಯಾ?’ ‘ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮೇಲೆ ದೂರು ಕೊಟ್ಟು ವರ್ಷ ಆಯ್ತು, ಉತ್ತರವೇ ಇಲ್ಲ, ಯಾಕೆ?’ ಈ ಎರಡು ಪ್ರಶ್ನೆಗಳು ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುತ್ತಿರುತ್ತವೆ. ದೂರುಗಳು ಬಿದ್ದುಹೋಗುವುದಕ್ಕೆ ಅಧಿಕಾರಿಗಳ ಉದಾಸೀನ ಒಂದು ಕಾರಣ ಹೌದು. ಆದರೆ ತಪ್ಪು ಬಾಗಿಲು ತಟ್ಟಿದ್ದು, ಕೈಯಲ್ಲಿ ಕಾಗದವಿಲ್ಲದೆ ಹೋದದ್ದು ಅದಕ್ಕಿಂತ ದೊಡ್ಡ ಕಾರಣ. ಅವೆರಡನ್ನೂ ಸರಿಪಡಿಸಿಕೊಳ್ಳುವುದು ನಿಮ್ಮ ಕೈಯಲ್ಲೇ ಇದೆ.

ಮೊದಲಿಗೆ ಒಂದು ಗೊಂದಲ ಬಿಡಿಸೋಣ. ‘ನೀತಿ ಸಂಹಿತೆ’ ಎಂದ ತಕ್ಷಣ ನಮಗೆ ನೆನಪಾಗುವುದು ಚುನಾವಣೆ ಘೋಷಣೆಯಾದ ದಿನದಿಂದ ಫಲಿತಾಂಶದವರೆಗಿನ ನಿರ್ಬಂಧ. ಇಲ್ಲಿ ಹೇಳುತ್ತಿರುವುದು ಅದಲ್ಲ, ಕುರ್ಚಿಯಲ್ಲಿ ಕೂತಿರುವಷ್ಟು ಕಾಲವೂ ಅನ್ವಯಿಸುವ ನಡತೆಯ ನಿಯಮಗಳನ್ನು. ಇವು ಒಂದೇ ಪುಸ್ತಕದಲ್ಲಿ ಸಿಗುವುದಿಲ್ಲ. ಚುನಾಯಿತರಿಗೆ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993. ಸರ್ಕಾರಿ ನೌಕರರಿಗೆ ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳು, 2021. ಲಂಚಕ್ಕೆ ಭ್ರಷ್ಟಾಚಾರ ತಡೆ ಕಾಯ್ದೆ, 1988. ಇವುಗಳ ಜೊತೆಗೆ ಕರ್ನಾಟಕ ಲೋಕಾಯುಕ್ತ ಕಾಯ್ದೆ, 1984.

ಹಂತ 1: ಆ ವ್ಯಕ್ತಿ ಯಾರ ನೌಕರ ಎಂದು ಖಚಿತ ಮಾಡಿಕೊಳ್ಳಿ

ಪಂಚಾಯಿತಿ ಕಚೇರಿಯಲ್ಲಿ ಕೂರುವವರೆಲ್ಲ ಪಂಚಾಯಿತಿಯವರಲ್ಲ.

ಅಧ್ಯಕ್ಷ, ಉಪಾಧ್ಯಕ್ಷ ಮತ್ತು ಸದಸ್ಯರು ಚುನಾಯಿತರು. ಅವರನ್ನು ಸಸ್ಪೆಂಡ್ ಮಾಡಿ ಎಂದು ಪಿಡಿಒಗೆ ಅರ್ಜಿ ಕೊಟ್ಟರೆ ಪ್ರಯೋಜನವಿಲ್ಲ, ಪಿಡಿಒಗೆ ಆ ಅಧಿಕಾರವೇ ಇಲ್ಲ. ಸದಸ್ಯರನ್ನು ದುರ್ನಡತೆಗಾಗಿ ತೆಗೆಯುವುದು ಅಧಿನಿಯಮದ ಪ್ರಕರಣ 43ಎ ಅಡಿ. ಅಧ್ಯಕ್ಷ, ಉಪಾಧ್ಯಕ್ಷರನ್ನು ಆ ಸ್ಥಾನದಿಂದ ಇಳಿಸುವುದು ಪ್ರಕರಣ 48(4)ರ ಅಡಿ. ಎರಡೂ ಸರ್ಕಾರದ ಅಧಿಕಾರಗಳು, ಕಾರ್ಯರೂಪದಲ್ಲಿ ಇವನ್ನು ಚಲಾಯಿಸುವವರು ಪ್ರಾದೇಶಿಕ ಆಯುಕ್ತರು. ರಾಜ್ಯದಲ್ಲಿ ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಹೀಗೆ 4 ವಿಭಾಗಗಳಿವೆ. ಸಾಮಾನ್ಯವಾಗಿ ಜಿಲ್ಲಾ ಪಂಚಾಯತ್ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ (ಸಿಇಒ) ವಿಚಾರಣೆ ಮಾಡಿಸಿ ಕಳಿಸುವ ವರದಿಯ ಮೇಲೆ ಅಲ್ಲಿ ಪ್ರಕರಣ ನಡೆಯುತ್ತದೆ.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮತ್ತು ಕಾರ್ಯದರ್ಶಿ ಸರ್ಕಾರಿ ನೌಕರರು. ಇವರ ಮೇಲಿನ ದೂರು ತಾಲ್ಲೂಕು ಪಂಚಾಯತ್ ಕಾರ್ಯನಿರ್ವಾಹಕ ಅಧಿಕಾರಿಗೆ (ಇಒ) ಮತ್ತು ಸಿಇಒಗೆ ಹೋಗಬೇಕು. ಪಿಡಿಒ ಅಮಾನತಿನ ಆದೇಶ ಹೊರಡುವುದು ಸಿಇಒ ಕಚೇರಿಯಿಂದ.

ಬಿಲ್ ಕಲೆಕ್ಟರ್, ನೀರುಗಂಟಿ, ಡೇಟಾ ಎಂಟ್ರಿ ಆಪರೇಟರ್, ಜವಾನ, ಸ್ವಚ್ಛತಾಗಾರರು ಪಂಚಾಯಿತಿಯ ಸ್ವಂತ ಸಿಬ್ಬಂದಿ. ಇವರ ಮೇಲಿನ ಮೊದಲ ಕ್ರಮ ಪಂಚಾಯಿತಿಯದೇ. ದೂರನ್ನು ಅಧ್ಯಕ್ಷ ಮತ್ತು ಪಿಡಿಒ ಇಬ್ಬರ ಹೆಸರಿಗೂ ಬರೆದು, ಪ್ರತಿಯನ್ನು ಇಒಗೆ ಕೊಡಿ.

ಇನ್ನು ಗ್ರಾಮ ಆಡಳಿತಾಧಿಕಾರಿ, ಅಂದರೆ ಹಳೆಯ ಗ್ರಾಮ ಲೆಕ್ಕಿಗ. ಎಷ್ಟೋ ಊರುಗಳಲ್ಲಿ ಪಂಚಾಯಿತಿ ಕಟ್ಟಡದಲ್ಲೇ ಕೂರುತ್ತಾರೆ. ಆದರೆ ಅವರು ಕಂದಾಯ ಇಲಾಖೆಯವರು, ದೂರು ಹೋಗಬೇಕಾದದ್ದು ತಹಶೀಲ್ದಾರರಿಗೆ. ಪಹಣಿ, ಪೌತಿ ಖಾತೆ ವಿಷಯಕ್ಕೆ ಸಿಇಒಗೆ ದೂರು ಕೊಟ್ಟು ತಿಂಗಳುಗಟ್ಟಲೆ ಕಾಯುವವರು ಈಗಲೂ ಇದ್ದಾರೆ.

ಚುನಾಯಿತ ಮಂಡಳಿಯ 5 ವರ್ಷದ ಅವಧಿ ಮುಗಿದು ಆಡಳಿತಾಧಿಕಾರಿ ನೇಮಕವಾಗಿದ್ದರೆ, ಅವರೂ ಸರ್ಕಾರಿ ನೌಕರರೇ, ನಡತೆ ನಿಯಮಗಳು ಅವರಿಗೂ ಅನ್ವಯ. ಅವಧಿ ಮುಗಿದ ಸದಸ್ಯರ ವಿಷಯದಲ್ಲಿ ‘ಸದಸ್ಯತ್ವ ರದ್ದು ಮಾಡಿ’ ಎಂದು ಕೇಳುವುದರಲ್ಲಿ ಹುರುಳಿಲ್ಲ. ಹಣದ ವಸೂಲಿ ಮತ್ತು ಕ್ರಿಮಿನಲ್ ಕ್ರಮವನ್ನು ಕೇಳಿ.

ಹಂತ 2: ನಡೆದದ್ದು ಯಾವ ಬಗೆಯ ತಪ್ಪು?

ಚುನಾಯಿತರ ವಿಷಯದಲ್ಲಿ ಅತಿ ಹೆಚ್ಚು ಕೇಳಿಬರುವುದು ಹಿತಾಸಕ್ತಿ ಸಂಘರ್ಷ. ಅಂದರೆ ತೀರ್ಮಾನ ತೆಗೆದುಕೊಳ್ಳುವವರಿಗೇ ಆ ತೀರ್ಮಾನದಿಂದ ಹಣದ ಲಾಭವಾಗುವುದು. ಪಂಚಾಯಿತಿಯ ಕಾಮಗಾರಿ ಅಥವಾ ಗುತ್ತಿಗೆಯಲ್ಲಿ ನೇರವಾಗಿಯಾಗಲಿ, ಪರೋಕ್ಷವಾಗಿಯಾಗಲಿ ಪಾಲು ಇರುವವರು ಸದಸ್ಯರಾಗಿರಲು ಅನರ್ಹರು ಎಂದು ಅಧಿನಿಯಮದ ಪ್ರಕರಣ 12 ಹೇಳುತ್ತದೆ. ಆ ‘ಪರೋಕ್ಷವಾಗಿ’ ಎಂಬ ಪದದಲ್ಲೇ ಎಲ್ಲ ಜಗಳ ಇರುವುದು. ಗುತ್ತಿಗೆದಾರ ಸದಸ್ಯರ ತಮ್ಮ, ಭಾವಮೈದ ಅಥವಾ ಮಗ ಎಂದು ದೂರಿನಲ್ಲಿ ತೋರಿಸಿದರೆ ಮುಗಿಯಿತು ಎಂದು ಹಲವರು ಅಂದುಕೊಳ್ಳುತ್ತಾರೆ. ಮುಗಿಯುವುದಿಲ್ಲ. ತಮ್ಮ ಬೇರೆ ಮನೆ, ಬೇರೆ ವ್ಯವಹಾರ ಮಾಡಿಕೊಂಡಿದ್ದು ಟೆಂಡರ್‌ನಲ್ಲಿ ನ್ಯಾಯವಾಗಿ ಕೆಲಸ ಪಡೆದಿದ್ದರೆ ವಾದ ನಿಲ್ಲುವುದು ಕಷ್ಟ. ಸಂಬಂಧದ ಜೊತೆಗೆ ಹಣದ ನಂಟನ್ನೂ ತೋರಿಸಬೇಕು: ಒಂದೇ ಕುಟುಂಬದ ವ್ಯವಹಾರ, ಸದಸ್ಯರ ಟ್ರ್ಯಾಕ್ಟರಿಗೆ ಬಾಡಿಗೆ ಬಿಲ್, ಸದಸ್ಯರ ಅಂಗಡಿಯಿಂದ ಪೈಪು ಖರೀದಿ, ಇಂಥವು.

ಸಭೆಯಲ್ಲಿ ಚರ್ಚೆ ಮಾಡುವುದಕ್ಕೂ ಇದೇ ತತ್ವ. ತನಗೆ ಹಣದ ಹಿತಾಸಕ್ತಿ ಇರುವ ವಿಷಯ ಬಂದಾಗ ಸದಸ್ಯರು ಚರ್ಚೆಯಲ್ಲಿ ಭಾಗವಹಿಸುವಂತಿಲ್ಲ, ಮತ ಹಾಕುವಂತಿಲ್ಲ. ಊರಿಗೆಲ್ಲ ಸಮಾನವಾಗಿ ಅನ್ವಯಿಸುವ ವಿಷಯಕ್ಕೆ ಈ ನಿರ್ಬಂಧ ಇಲ್ಲ. ನೀರಿನ ಕರ ಏರಿಸುವ ಚರ್ಚೆಯಲ್ಲಿ ಎಲ್ಲರೂ ಕೂರಬಹುದು. ಆದರೆ ಪಂಚಾಯಿತಿ ಮಳಿಗೆಯನ್ನು ತನ್ನ ಹೆಂಡತಿಗೆ ಬಾಡಿಗೆ ಕೊಡುವ ವಿಷಯ ಬಂದಾಗ ಎದ್ದು ಹೊರಗೆ ಹೋಗಬೇಕು, ಹೋದದ್ದು ನಡವಳಿಯಲ್ಲಿ ದಾಖಲಾಗಬೇಕು.

ಮಹಿಳಾ ಅಧ್ಯಕ್ಷರ ಪತಿ ಕುರ್ಚಿಯಲ್ಲಿ ಕೂರುವುದು, ಸಭೆ ನಡೆಸುವುದು, ಕಡತ ನೋಡುವುದು ನಿಯಮಬಾಹಿರ. ಇದನ್ನು ‘ಮನೆ ವಿಷಯ’ ಎಂದು ತಳ್ಳಿಹಾಕುವ ಅಧಿಕಾರಿಗಳಿದ್ದಾರೆ. ಇಲ್ಲಿ ದೂರಿನ ಮುಖ ಪಿಡಿಒ ಕಡೆಗೂ ಇರಲಿ, ಅಧಿಕಾರವಿಲ್ಲದವರ ಮುಂದೆ ಕಡತ ಇಟ್ಟದ್ದು ಅವರ ತಪ್ಪು.

ನೌಕರರ ನಿಯಮಗಳು ಇನ್ನೂ ಬಿಗಿ. ಪಕ್ಷ ರಾಜಕೀಯ ಮಾಡುವಂತಿಲ್ಲ, ಅನುಮತಿ ಇಲ್ಲದೆ ಖಾಸಗಿ ವ್ಯಾಪಾರ ನಡೆಸುವಂತಿಲ್ಲ, ಉಡುಗೊರೆಗೆ ಮಿತಿ ಇದೆ, ಪ್ರತಿವರ್ಷ ಆಸ್ತಿ ಮತ್ತು ಹೊಣೆಗಾರಿಕೆ ಪಟ್ಟಿ ಸಲ್ಲಿಸಬೇಕು. ಪಿಡಿಒಗಳು ಹೆಚ್ಚಾಗಿ ಸಿಕ್ಕಿಬೀಳುವುದು ಮೂರು ಕಡೆ: ಊರಿನ ಆಸ್ತಿ ದಾಖಲೆಗಳ ಇ-ಸ್ವತ್ತು ತಂತ್ರಾಂಶದಲ್ಲಿ ಅನುಮೋದನೆಯಿಲ್ಲದ ಬಡಾವಣೆಗೆ ನಮೂನೆ 9 ಮತ್ತು 11 ಕೊಟ್ಟದ್ದು, ಕೆಲಸ ಆಗದೆ ಬಿಲ್ ಪಾವತಿಸಿದ್ದು, ಟೆಂಡರ್ ತಪ್ಪಿಸಲು ಒಂದೇ ರಸ್ತೆಯನ್ನು ನಾಲ್ಕು ಕಾಮಗಾರಿಗಳಾಗಿ ತುಂಡು ಮಾಡಿದ್ದು.

ಪ್ರಮಾಣಪತ್ರ, ಪರವಾನಗಿ ತಡವಾಗಿದೆ ಎನ್ನುವುದಷ್ಟೇ ನಿಮ್ಮ ತೊಂದರೆಯಾದರೆ ನಡತೆ ದೂರು ಬೇಡವೇ ಬೇಡ. ಗಡುವಿನೊಳಗೆ ಸರ್ಕಾರಿ ಸೇವೆ ಕೊಡಿಸುವ ‘ಸಕಾಲ’ ಯೋಜನೆಯಲ್ಲಿ ಅರ್ಜಿ ಹಾಕಿ, 15 ಅಂಕಿಯ ಜಿಎಸ್‌ಸಿ (ಅರ್ಜಿಯ ಸ್ವೀಕೃತಿ) ಸಂಖ್ಯೆ ಇಟ್ಟುಕೊಳ್ಳಿ, ಗಡುವು ಮೀರಿದರೆ ಮೇಲ್ಮನವಿ ಹಾಕಿ. ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವೂ ಇದೆ. ಮೊತ್ತ ಸಣ್ಣದು, ಆದರೆ ತಪ್ಪಿತಸ್ಥ ಅಧಿಕಾರಿಯ ಸಂಬಳದಿಂದ ಹೋಗುವುದರಿಂದ ಕೆಲಸ ಮಾಡುತ್ತದೆ.

ಹಂತ 3: ಕಾಗದ ಕೂಡಿಸಿ

ಇಲ್ಲಿ ಸಮಯ ಕೊಡಿ. ದೂರಿನ ಮುಕ್ಕಾಲು ತೂಕ ಇದರಲ್ಲೇ ಇದೆ.

ಮಾಹಿತಿ ಹಕ್ಕಿಗೆ ಹೋಗುವ ಮೊದಲು ಬಿಟ್ಟಿಯಾಗಿ ಸಿಗುವುದನ್ನು ನೋಡಿ. ಕೇಂದ್ರದ ಇ-ಗ್ರಾಮ್‌ಸ್ವರಾಜ್ ಜಾಲತಾಣದಲ್ಲಿ ಹಣಕಾಸು ಆಯೋಗದ ಅನುದಾನದ ಖರ್ಚು ಪಂಚಾಯಿತಿವಾರು ಸಿಗುತ್ತದೆ. ಆಡಿಟ್‌ಆನ್‌ಲೈನ್‌ನಲ್ಲಿ ಲೆಕ್ಕಪರಿಶೋಧನಾ ವರದಿಗಳಿವೆ. ರಾಜ್ಯದ ಪಂಚಮಿತ್ರ ಪೋರ್ಟಲ್‌ನಲ್ಲಿ ಸದಸ್ಯರು, ಸಿಬ್ಬಂದಿ, ಸಭೆಗಳ ವಿವರ ಇದೆ. ಬಿಲ್ಲಿನ ಮೇಲೆ ಜಿಎಸ್‌ಟಿ ಸಂಖ್ಯೆ ಇದ್ದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿ: ‘ಶ್ರೀ … ಎಂಟರ್‌ಪ್ರೈಸಸ್’ ಎಂಬ ವ್ಯಾಪಾರದ ಹೆಸರಿನ ಹಿಂದಿನ ಕಾನೂನುಬದ್ಧ ಹೆಸರು ತೋರಿಸುತ್ತದೆ. ಒಬ್ಬರದೇ ಮಾಲೀಕತ್ವದ ಅಂಗಡಿಯಾದರೆ ಅದು ಮಾಲೀಕರ ಹೆಸರೇ ಆಗಿರುತ್ತದೆ. ಟ್ರ್ಯಾಕ್ಟರ್, ಜೆಸಿಬಿ ಬಾಡಿಗೆ ಬಿಲ್ಲಿನಲ್ಲಿ ವಾಹನದ ಸಂಖ್ಯೆ ಬರೆದಿದ್ದರೆ ಎಂ-ಪರಿವಾಹನ್ ಆ್ಯಪ್‌ನಲ್ಲಿ ವಾಹನದ ವರ್ಗ ಪರೀಕ್ಷಿಸಿ. ಮಣ್ಣು ಹೊತ್ತ ‘ಟಿಪ್ಪರ್’ ಸ್ಕೂಟರ್ ಆಗಿ ಬದಲಾಗುವುದು ನೀವು ಅಂದುಕೊಂಡಷ್ಟು ಅಪರೂಪವಲ್ಲ.

ಉಳಿದದ್ದಕ್ಕೆ ಮಾಹಿತಿ ಹಕ್ಕು ಅರ್ಜಿ, ನಮೂನೆ ‘ಎ’. ಶುಲ್ಕ 10 ರೂಪಾಯಿ, ಪ್ರತಿಗೆ ಪುಟಕ್ಕೆ 2 ರೂಪಾಯಿ. ಗ್ರಾಮ ಪಂಚಾಯಿತಿಯಲ್ಲಿ ಮಾಹಿತಿ ಅಧಿಕಾರಿ ಪಿಡಿಒ ಅವರೇ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. ‘ಕಳೆದ 5 ವರ್ಷದ ಎಲ್ಲ ಕಾಮಗಾರಿಗಳ ಎಲ್ಲ ದಾಖಲೆ’ ಎಂದು ಬರೆದರೆ ತಿರಸ್ಕರಿಸಲು ಅವರಿಗೆ ನೀವೇ ಕಾರಣ ಕೊಟ್ಟಂತೆ. ಒಂದು ಕಾಮಗಾರಿ ಆರಿಸಿ, ಅದಕ್ಕೆ ಸಂಬಂಧಿಸಿದ ಇವನ್ನು ಕೇಳಿ:

– ಕ್ರಿಯಾ ಯೋಜನೆಯಲ್ಲಿ ಕಾಮಗಾರಿ ಸೇರಿದ ಪುಟ ಮತ್ತು ಅನುಮೋದಿಸಿದ ಸಭೆಯ ನಡವಳಿ (ಹಾಜರಾತಿ ಸಹಿ ಪುಟ ಸೇರಿ)
– ಅಂದಾಜು ಪಟ್ಟಿ, ದರಪಟ್ಟಿಗಳು ಅಥವಾ ಟೆಂಡರ್ ಕಡತ, ಕಾರ್ಯಾದೇಶ
– ಅಳತೆ ಪುಸ್ತಕದ ಪುಟಗಳು. ಎಂಜಿನಿಯರ್ ಸ್ಥಳದಲ್ಲಿ ಉದ್ದ, ಅಗಲ, ಆಳ ಬರೆದುಕೊಳ್ಳುವ ಈ ಪುಸ್ತಕವನ್ನು ಕಚೇರಿಯಲ್ಲಿ ‘ಎಂ.ಬಿ.’ ಎನ್ನುತ್ತಾರೆ
– ಓಚರ್, ಅಂದರೆ ಪಾವತಿಗೆ ಆಧಾರವಾದ ಬಿಲ್ಲು ಸಹಿತ ಚೀಟಿ, ಮತ್ತು ಜಿಪಿಎಸ್ ಫೋಟೊಗಳು

ಇಷ್ಟೂ ಒಂದೇ ಕಾಮಗಾರಿಯದಾದ್ದರಿಂದ ಒಂದೇ ವಿಷಯ. ಅಳತೆ ಪುಸ್ತಕ ಕೈಗೆ ಬಂದ ಮೇಲೆ ಟೇಪು ಹಿಡಿದು ಸ್ಥಳಕ್ಕೆ ಹೋಗಿ. ಪುಸ್ತಕದಲ್ಲಿ 120 ಮೀಟರ್, ನೆಲದ ಮೇಲೆ 85 ಮೀಟರ್ ಎಂದಾದರೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯವಿಲ್ಲ. ಟೇಪು ಮತ್ತು ಗುರುತಿನ ಕಟ್ಟಡ ಎರಡೂ ಕಾಣುವಂತೆ ಫೋಟೊ ತೆಗೆಯಿರಿ.

ಉತ್ತರಕ್ಕೆ 30 ದಿನದ ಗಡುವು. ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಇಒಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು.

ಎಚ್ಚರಿಕೆ: ನೌಕರರ ವೈಯಕ್ತಿಕ ಆಸ್ತಿ ಪಟ್ಟಿ, ಸೇವಾ ಪುಸ್ತಕ ಕೇಳಬೇಡಿ. 2012ರಲ್ಲಿ ಸುಪ್ರೀಂ ಕೋರ್ಟ್ ಇವನ್ನು ವೈಯಕ್ತಿಕ ಮಾಹಿತಿ ಎಂದು ಪರಿಗಣಿಸಿದ ಮೇಲೆ ಇಂಥ ಅರ್ಜಿಗಳು ಸಾಮಾನ್ಯವಾಗಿ ತಿರಸ್ಕೃತವಾಗುತ್ತವೆ. ಆ ಹೊತ್ತಿಗೆ ನಿಮ್ಮ ಉದ್ದೇಶವೂ ಊರಿಗೆಲ್ಲ ಗೊತ್ತಾಗಿರುತ್ತದೆ.

ಜಮಾಬಂದಿಯನ್ನು ಮರೆಯಬೇಡಿ. ಹಿಂದಿನ ಆರ್ಥಿಕ ವರ್ಷದ ಲೆಕ್ಕ ಮತ್ತು ಕಾಮಗಾರಿಗಳನ್ನು ಊರವರ ಮುಂದೆ ಪರಿಶೀಲಿಸುವ ಕ್ರಮ ಇದು. ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದೊಳಗೆ ನಡೆಯುತ್ತದೆ, ಬಹಳ ಕಡೆ ಹತ್ತು ಜನವೂ ಬರುವುದಿಲ್ಲ. ಅಲ್ಲಿ ನೀವು ಎತ್ತಿದ ಆಕ್ಷೇಪ ನಡವಳಿಯಲ್ಲಿ ಬರೆಯುವವರೆಗೆ ಎದ್ದು ಬರಬೇಡಿ.

ಹಂತ 4: ದೂರು ಬರೆಯಿರಿ

ಒಂದೂವರೆ ಪುಟ ಸಾಕು. ‘ಲಕ್ಷಾಂತರ ರೂಪಾಯಿ ಅವ್ಯವಹಾರ ನಡೆಸಿ ಸರ್ವಾಧಿಕಾರಿಯಂತೆ ವರ್ತಿಸುತ್ತಿದ್ದಾರೆ’ ಎಂಬ ವಾಕ್ಯವನ್ನು ವಿಚಾರಣೆ ಮಾಡಲು ಯಾರಿಂದಲೂ ಆಗುವುದಿಲ್ಲ. ಮಾದರಿಗೆ ಹೀಗೆ ಬರೆಯಬಹುದು: ‘ಓಚರ್ ಸಂಖ್ಯೆ 112ರಲ್ಲಿ 3ನೇ ವಾರ್ಡಿನ ಚರಂಡಿಗೆ 48,600 ರೂ. ಪಾವತಿಯಾಗಿದೆ. ಅಳತೆ ಪುಸ್ತಕದಲ್ಲಿ ಉದ್ದ 120 ಮೀ. ಎಂದಿದೆ, ಸ್ಥಳದಲ್ಲಿ 85 ಮೀ. ಇದೆ (ಫೋಟೊ 1ರಿಂದ 4). ಹಣ ಪಡೆದ ಸಂಸ್ಥೆಯ ಮಾಲೀಕರು ಇದೇ ವಾರ್ಡಿನ ಸದಸ್ಯರ ಪತ್ನಿ (ಲಗತ್ತು 5). ಅನುಮೋದಿಸಿದ ಸಭೆಯಲ್ಲಿ ಸದಸ್ಯರು ಹಾಜರಿದ್ದು ಸಹಿ ಹಾಕಿದ್ದಾರೆ (ಲಗತ್ತು 6).’ ಕೊನೆಯಲ್ಲಿ ಏನು ಬೇಕು ಎಂದು ಬರೆಯಿರಿ: ಜಂಟಿ ಸ್ಥಳ ತನಿಖೆ, ಹಣ ವಸೂಲಿ, ಸದಸ್ಯರ ಮೇಲೆ ಪ್ರಕರಣ 12 ಮತ್ತು 43ಎ ಅಡಿ ಕ್ರಮ.

ಒಂದು ದೂರಿನಲ್ಲಿ ಒಬ್ಬರ ಒಂದೆರಡು ಗಟ್ಟಿ ಆರೋಪ ಸಾಕು. ಹದಿನೈದು ಆರೋಪಗಳಲ್ಲಿ ಹನ್ನೆರಡು ಸಾಬೀತಾಗದೆ ಹೋದರೆ, ಗಟ್ಟಿಯಾಗಿದ್ದ ಮೂರೂ ಅವುಗಳೊಂದಿಗೆ ತೇಲಿಹೋಗುತ್ತವೆ.

ಮೂಗರ್ಜಿ ಬರೆಯಬೇಡಿ. ಹೆಸರು, ವಿಳಾಸ ಇಲ್ಲದ ಅರ್ಜಿ ಕಡತಕ್ಕೇ ಏರುವುದಿಲ್ಲ. ಕೆಳಗೆ ‘ಸಮಸ್ತ ಗ್ರಾಮಸ್ಥರು’ ಎಂದಷ್ಟೇ ಇದ್ದರೂ ಹಾಗೆಯೇ. ನಾಲ್ಕೈದು ಜನ ಹೆಸರು, ವಿಳಾಸ ಸಹಿತ ಸಹಿ ಹಾಕಿದರೆ ಒಬ್ಬರ ಮೇಲೆ ಬೀಳುವ ಒತ್ತಡವೂ ಹಂಚಿಹೋಗುತ್ತದೆ.

ಹಂತ 5: ಸರಿಯಾದ ಬಾಗಿಲಿಗೆ ಕೊಡಿ

ಮೊದಲು ಸಿಇಒಗೆ, ಪ್ರತಿ ಇಒಗೆ. ಖುದ್ದಾಗಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಅಂಚೆಯಾದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ತಲುಪಿದ ದಾಖಲೆ ತೆಗೆದಿಡಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿದ್ದನ್ನು ದೂರು ಎಂದು ಲೆಕ್ಕ ಹಾಕಬೇಡಿ. 1902 ಸಹಾಯವಾಣಿಯ ಜನಸ್ಪಂದನದಲ್ಲಿ ದಾಖಲಿಸುವುದು ಸುಲಭ, ಆದರೆ ಅದು ಬೀದಿದೀಪ, ನೀರಿನಂಥ ಕುಂದುಕೊರತೆಗೆ ಸರಿ. ಹಿತಾಸಕ್ತಿ ಸಂಘರ್ಷದ ದೂರನ್ನು ಅಲ್ಲಿ ಹಾಕಿದರೆ ಇಳಿದು ಇಳಿದು ಕೊನೆಗೆ ಅದೇ ಪಿಡಿಒ ಮೇಜಿಗೆ ಬಂದು ‘ಪರಿಹರಿಸಲಾಗಿದೆ’ ಎಂದು ಮುಚ್ಚಿಹೋಗುವ ಸಾಧ್ಯತೆಯೇ ಹೆಚ್ಚು.

ಪಿಡಿಒ, ಎಂಜಿನಿಯರ್ ಮುಂತಾದ ನೌಕರರ ಮೇಲೆ ಲೋಕಾಯುಕ್ತಕ್ಕೂ ಹೋಗಬಹುದು. ಅಲ್ಲಿ ಬಿಳಿ ಹಾಳೆಯ ಅರ್ಜಿ ನಡೆಯುವುದಿಲ್ಲ. ಪ್ರಪತ್ರ 1ರಲ್ಲಿ ದೂರು, ಪ್ರಪತ್ರ 2ರಲ್ಲಿ ಪ್ರಮಾಣಪತ್ರ, ಅಂದರೆ ಹೇಳಿದ್ದೆಲ್ಲ ನಿಜ ಎಂದು ನೋಟರಿ ಮುಂತಾದವರ ಮುಂದೆ ಮಾಡುವ ಪ್ರಮಾಣ. ಅವಧಿಯ ಲೆಕ್ಕ ನೆನಪಿಡಿ: ಕುಂದುಕೊರತೆಗೆ, ವಿಷಯ ತಿಳಿದ ದಿನದಿಂದ 6 ತಿಂಗಳು. ಭ್ರಷ್ಟಾಚಾರ, ಅಧಿಕಾರ ದುರುಪಯೋಗದಂಥ ಆರೋಪಕ್ಕೆ, ಘಟನೆ ನಡೆದ ದಿನದಿಂದ 5 ವರ್ಷ. ಬೇಕೆಂದೇ ಸುಳ್ಳು ದೂರು ಕೊಟ್ಟರೆ ಕನಿಷ್ಠ 6 ತಿಂಗಳಿಂದ 3 ವರ್ಷದವರೆಗೆ ಜೈಲು ಎಂದು ಅದೇ ಕಾಯ್ದೆ ಹೇಳುತ್ತದೆ. ಹೆದರಿಸುವುದಕ್ಕೆ ಇದನ್ನು ಹೇಳುತ್ತಿಲ್ಲ. ಊಹೆಯನ್ನು ಪ್ರಮಾಣಪತ್ರದಲ್ಲಿ ಸತ್ಯವೆಂದು ಬರೆಯಬೇಡಿ ಎನ್ನುವುದಕ್ಕಷ್ಟೇ.

ಲಂಚ ಕೇಳಿದ್ದರೆ ದಾರಿಯೇ ಬೇರೆ

ಈಗಲೂ ಎಸಿಬಿ ಹುಡುಕಿಕೊಂಡು ಹೋಗುವವರಿದ್ದಾರೆ. 2016ರಲ್ಲಿ ಹುಟ್ಟಿದ ಭ್ರಷ್ಟಾಚಾರ ನಿಗ್ರಹ ದಳವನ್ನು 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ರದ್ದುಪಡಿಸಿತು. ಈಗ ನೀವು ಹೋಗಬೇಕಾದದ್ದು ನಿಮ್ಮ ಜಿಲ್ಲೆಯ ಲೋಕಾಯುಕ್ತ ಪೊಲೀಸರ ಬಳಿಗೆ. ಚುನಾಯಿತ ಸದಸ್ಯರು ಕೇಳಿದ್ದರೂ ಇದೇ ದಾರಿ, ಭ್ರಷ್ಟಾಚಾರ ತಡೆ ಕಾಯ್ದೆಯ ದೃಷ್ಟಿಯಲ್ಲಿ ಅವರೂ ಸಾರ್ವಜನಿಕ ಸೇವಕರು.

ಹಣ ಕೊಡುವ ಮೊದಲೇ ಹೋಗಿ. 2018ರ ತಿದ್ದುಪಡಿಯ ನಂತರ ಕೊಟ್ಟವರೂ ಅಪರಾಧಿಗಳು. ಬಲವಂತಕ್ಕೆ ಸಿಕ್ಕಿ ಕೊಟ್ಟಿದ್ದರೆ 7 ದಿನಗಳೊಳಗೆ ಪೊಲೀಸರಿಗೆ ತಿಳಿಸಿದವರಿಗಷ್ಟೇ ರಕ್ಷಣೆ. ಬೇಡಿಕೆ ಇಟ್ಟ ಮಾತಿನ ರೆಕಾರ್ಡಿಂಗ್ ಇದ್ದರೆ ಮೂಲ ಫೋನಿನಲ್ಲೇ ಇರಲಿ, ಕತ್ತರಿಸಬೇಡಿ, ಗೆಳೆಯರಿಗೆ ಕಳಿಸಬೇಡಿ. ಬಲೆ ಕಾರ್ಯಾಚರಣೆಯಲ್ಲಿ ನೋಟುಗಳ ಸಂಖ್ಯೆ ಬರೆದುಕೊಂಡು ಫಿನಾಫ್ತಲೀನ್ ಪುಡಿ ಸವರುತ್ತಾರೆ. ಮುಟ್ಟಿದವರ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ತೊಳೆಸಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆದರೆ ಬಣ್ಣ ಬಂದ ಮಾತ್ರಕ್ಕೆ ಶಿಕ್ಷೆಯಾಗುವುದಿಲ್ಲ, ಅವರು ಬಾಯಿಬಿಟ್ಟು ಕೇಳಿದ್ದು ಸಾಬೀತಾಗಬೇಕು. ಆದ್ದರಿಂದ ನೀವಾಗಿ ಜೇಬಿಗೆ ತುರುಕಬೇಡಿ, ಅವರೇ ಕೇಳಲಿ.

ಹಂತ 6: ಬೆನ್ನು ಹತ್ತಿ

ದೂರು ಕೊಟ್ಟ 30 ದಿನಕ್ಕೆ ಒಂದು ನೆನಪೋಲೆ, 60 ದಿನಕ್ಕೆ ಮಾಹಿತಿ ಹಕ್ಕಿನಲ್ಲಿ ‘ನನ್ನ ದೂರಿನ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ’ ಎಂಬ ಅರ್ಜಿ. ಕಡತ ಯಾರ ಮೇಜಿನಲ್ಲಿ ಎಷ್ಟು ದಿನ ಮಲಗಿತ್ತು ಎಂಬುದು ಅದರಲ್ಲಿ ಕಾಣುತ್ತದೆ. ಸ್ಥಳ ತನಿಖೆಗೆ ಕರೆದರೆ ತಪ್ಪದೆ ಹೋಗಿ. ‘ದೂರುದಾರರು ಗೈರು’ ಎಂದು ಮಹಜರಿನಲ್ಲಿ ಬರೆದು ಮುಗಿಸುವುದು ಹಳೆಯ ಉಪಾಯ. ಓದದೆ ಸಹಿ ಹಾಕಬೇಡಿ, ಒಪ್ಪಿಗೆ ಇಲ್ಲದಿದ್ದರೆ ಸಹಿಯ ಮೇಲೆಯೇ ‘ಆಕ್ಷೇಪಣೆ ಸಹಿತ’ ಎಂದು ಬರೆಯಿರಿ.

ಪಿಡಿಒ ನಿವೃತ್ತಿಗೆ ಹತ್ತಿರವಿದ್ದರೆ ಇನ್ನೂ ಬೇಗ ಓಡಾಡಿ. ನಿವೃತ್ತಿಯಾದ ಮೇಲೆ ಇಲಾಖಾ ವಿಚಾರಣೆ ಶುರು ಮಾಡಲು ಸರ್ಕಾರದ ಮಂಜೂರಾತಿ ಬೇಕು, ಅದೂ 4 ವರ್ಷಕ್ಕಿಂತ ಹಳೆಯ ಘಟನೆಗೆ ಸಿಗುವುದಿಲ್ಲ.

ಸದಸ್ಯರಾಗಿ ಓದುತ್ತಿರುವವರಿಗೆ

ಈ ಲೇಖನವನ್ನು ನೀವೂ ಓದುತ್ತಿರುತ್ತೀರಿ ಎಂದು ಗೊತ್ತು. ಪಾವತಿಗೆ ಬೇಕಾದ ಡಿಜಿಟಲ್ ಸಹಿಯ ಡಾಂಗಲ್ ಮತ್ತು ಪಾಸ್‌ವರ್ಡ್ ಎರಡನ್ನೂ ಆಪರೇಟರ್ ಕೈಗೆ ಕೊಟ್ಟು ಮನೆಗೆ ಹೋಗುವ ಅಧ್ಯಕ್ಷರು ಬಹಳ. ಆ ಸಹಿಯಿಂದ ಹೋದ ಪ್ರತಿ ರೂಪಾಯಿಗೂ ಉತ್ತರ ಹೇಳಬೇಕಾದವರು ನೀವೇ, ‘ನನಗೆ ಕಂಪ್ಯೂಟರ್ ಬರಲ್ಲ’ ಎಂಬ ಮಾತು ವಿಚಾರಣೆಯಲ್ಲಿ ನಿಲ್ಲುವುದಿಲ್ಲ. ನಡವಳಿ ಪುಸ್ತಕದ ಖಾಲಿ ಹಾಳೆಗೆ ಸಹಿ ಹಾಕುವುದೂ ಅಂಥದೇ. ಒಪ್ಪದ ನಿರ್ಣಯಕ್ಕೆ ಸಭೆಯಲ್ಲೇ ಭಿನ್ನಾಭಿಪ್ರಾಯ ದಾಖಲಿಸಿ. ದುರ್ನಡತೆ ಸಾಬೀತಾಗಿ ಸದಸ್ಯತ್ವ ಹೋದರೆ ಅದರ ಜೊತೆಗೆ 6 ವರ್ಷ ಚುನಾವಣೆಗೆ ನಿಲ್ಲುವ ಅರ್ಹತೆಯೂ ಹೋಗಬಹುದು.

ನಗರದ ಓದುಗರಿಗೆ

ಪಾಲಿಕೆಗಳಿಗೆ ಕಾಯ್ದೆ ಬೇರೆ. ಕರ್ನಾಟಕ ಪೌರ ನಿಗಮಗಳ ಕಾಯ್ದೆ, 1976ರ ಪ್ರಕರಣ 19ರಂತೆ, ಬೆಂಗಳೂರು ಬಿಟ್ಟು ಉಳಿದ ಪಾಲಿಕೆಗಳ ಸದಸ್ಯರು ಅವಧಿ ಆರಂಭವಾದ 1 ತಿಂಗಳೊಳಗೆ, ಆಮೇಲೆ ಪ್ರತಿವರ್ಷ ಅದೇ ತಿಂಗಳಲ್ಲಿ, ತಮ್ಮ ಮತ್ತು ಅವಿಭಕ್ತ ಕುಟುಂಬದವರ ಆಸ್ತಿ ವಿವರವನ್ನು ಮೇಯರ್‌ಗೆ ಸಲ್ಲಿಸಬೇಕು. ಸಲ್ಲಿಸದಿದ್ದರೂ, ಸುಳ್ಳು ಸಲ್ಲಿಸಿದರೂ ಸದಸ್ಯತ್ವಕ್ಕೇ ಕುತ್ತು. ಗುತ್ತಿಗೆಯಲ್ಲಿ ಪಾಲು ಇದ್ದರೆ ಅನರ್ಹತೆ ಎಂಬುದು ಪ್ರಕರಣ 26ರಲ್ಲಿದೆ. ಪುರಸಭೆ, ನಗರಸಭೆಗಳಾದರೆ 1964ರ ಪುರಸಭೆಗಳ ಕಾಯ್ದೆಯ ಪ್ರಕರಣ 16 ನೋಡಿ. ದಾಖಲೆ ಕೂಡಿಸುವ, ದೂರು ಬರೆಯುವ ಕ್ರಮ ಮಾತ್ರ ಮೇಲೆ ಹೇಳಿದಂತೆಯೇ, ಪಿಡಿಒ ಜಾಗದಲ್ಲಿ ಆಯುಕ್ತರು ಅಥವಾ ಮುಖ್ಯಾಧಿಕಾರಿ ಎಂದು ಓದಿಕೊಳ್ಳಿ.